ಹುಂಜದ ಕೊರಳಿನ ಗೆರೆ

ನನ್ನದೊಂದು ಗಾಜಿನ ಹಳೆಯ ಮಸಿದೌತಿ ಇದೆ. ಹೈಸ್ಕೂಲು ದಾಟಿದ ಮೇಲೆ ಅದಕ್ಕೆ ಮಸಿ ತುಂಬುವ ಪ್ರಸಂಗ ನನಗೆ ಬರಲಿಲ್ಲ. ಅರಳೆಯ ತುಣುಕೊಂದನ್ನು ತುರುಕಿ ಸೀಮೆಎಣ್ಣೆ ತುಂಬಿದೆ. ಗಾಜು ಕೊಯ್ಯುವ ಕಟರಿನ ಪುಟ್ಟ ಚಕ್ರವನ್ನು ಅದರಲ್ಲಿ ಅದ್ದಿ ಎಳೆದರೆ ಗೆರೆ ಕಿರುಗುಟ್ಟದೆ ಹರಿಯುತ್ತದೆ. ಭಾಲ್ಕಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯನ್ನು ಮೀಸೆ ಮೂಡಿದಾಗಿನಿಂದ ಮೀಸೆ ನರೆಯುವವರೆಗೆ ನಡೆಸಿದವನು ನಾನು. ಊಟಕ್ಕೆ ಕೂತಾಗಲೂ ನನ್ನ ಬೆರಳು ಮೊದಲು ಸೀಮೆಎಣ್ಣೆಯ ರುಚಿಯನ್ನೇ ಕೊಡುತ್ತಿತ್ತು. ಇಂಥ ಒಡನಾಡಿ ದೌತಿಯನ್ನು, ಗೆಳೆಯರೇ, ಇಳಿವಯಸ್ಸಿನಲ್ಲಿ ನಾನು ಚೀಲದ ತಳದಲ್ಲಿ ಬಚ್ಚಿಟ್ಟೆ. ತಪ್ಪೊಪ್ಪಿಗೆ ಅಲ್ಲಿಂದಲೇ ಶುರುವಾಗಬೇಕು.

ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ ಮೇಲೆ ನನಗೆ ಅಡುಗೆಮನೆಯ ಮೇಲೆ ಅತೀವ ಆಸಕ್ತಿ ಹುಟ್ಟಿತು. ಡಬ್ಬಿಗಳ ಮುಚ್ಚಳ ತೆಗೆದು ನೋಡುವುದು, ಒಗ್ಗರಣೆಗೆ ಸಲಹೆ ಕೊಡುವುದು. ಒಂದು ದಿನ ಹೆಂಡತಿ ಗುರುಬಸಮ್ಮ ಲಟ್ಟಣಿಗೆ ಕೆಳಗಿಟ್ಟಳು.

"ಬೀದರದಾಗ ಬಣ್ಣದ ಗಾಜಿನ ಕೆಲಸ ಕಲಿಸ್ತಾರಂತ, ಐತವಾರಕ್ಕೊಮ್ಮೆ. ಹೋಗ್ರಿ. ನೀವು ಕಲೀರಿ, ಬಿಡ್ರಿ, ನನಗ ಐತವಾರ ಒಂದ ದಿನಾನರ ಸಿಗ್ತದ."

ಹಾಗೆ ನಾನು ವಿದ್ಯಾರ್ಥಿಯಾದೆ. ಬೀದರಿನ ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ತೊಗರಿಬೇಳೆಯ ಗೋದಾಮಿನ ಮೇಲಿನ ಕೋಣೆಯೇ ಪಾಠಶಾಲೆ. ಕೆಳಗೆ ಹಮಾಲರು ಚೀಲ ಒಗೆದಾಗಲೆಲ್ಲ ಮೇಲೆ ಗಾಜುಗಳು ಹಲ್ಲು ಕಡಿಯುತ್ತಿದ್ದವು. ಬೇಳೆಯ ಹುಡಿ ಏರಿಬಂದು ಕೆಂಪು, ಹಸಿರು ಎಲ್ಲವನ್ನೂ ಒಂದೇ ಬಣ್ಣ ಮಾಡುತ್ತಿತ್ತು. ಕಲಿಸುವವಳು ಸಬಾ ಮೇಡಂ, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು.

"ಕಾಕಾ, ಮೊದಲ ಎಂದರ ಗಾಜು ಕೊಯ್ದೀರೇನ್ರಿ?" ಎಂದು ಕೇಳಿದಳು.

"ಎಲ್ಲೀದ್ರಿ ಮೇಡಂ, ಕನ್ನಡಿ ನೋಡಿಕೊಂಡೇನಿ, ಅಷ್ಟ," ಎಂದೆ.

ಯಾಕೆ ಹಾಗೆಂದೆನೋ! ಆಮೇಲೆ ಬಹಳ ಯೋಚಿಸಿದ್ದೇನೆ. ಕಟ್ಟು ಹಾಕುವವನ ದುರದೃಷ್ಟ ಏನೆಂದರೆ, ಅವನ ಕೆಲಸ ಚೆನ್ನಾಗಿದ್ದಷ್ಟೂ ಕಾಣುವುದಿಲ್ಲ. ಜನ ಗಾಜಿನ ಆಚೆಗಿರುವ ದೇವರನ್ನು ನೋಡುತ್ತಾರೆ, ತೀರಿಕೊಂಡ ಅಪ್ಪನನ್ನು ನೋಡುತ್ತಾರೆ, ಮದುವೆಯಲ್ಲಿ ತೆಳ್ಳಗಿದ್ದ ತಮ್ಮನ್ನು ತಾವೇ ನೋಡಿಕೊಳ್ಳುತ್ತಾರೆ. ಗಾಜು ಕಣ್ಣಿಗೆ ಬೀಳುವುದು ಅದರಲ್ಲಿ ಕಲೆಯಿದ್ದಾಗ ಮಾತ್ರ. ಜೀವಮಾನವೆಲ್ಲ ನನ್ನ ಮೂಲಕ ನೋಡಿದವರೇ ಹೊರತು ನನ್ನನ್ನು ನೋಡಿದವರು ಯಾರೂ ಇರಲಿಲ್ಲ. ಶಭಾಸ್‌ಗಿರಿಗೆ ಅಷ್ಟು ಹಸಿದಿದ್ದೆ ಎಂಬುದು ಆ ಸುಳ್ಳು ಬಾಯಿಂದ ಜಾರುವತನಕ ನನಗೇ ತಿಳಿದಿರಲಿಲ್ಲ.

ಮೊದಲ ದಿನ ನೇರ ಗೆರೆ. ಕೈ ನಡುಗಿಸುವ ನಟನೆ ಮಾಡುತ್ತ ಗೆರೆ ಎಳೆದು, ಗಾಜನ್ನು ಮೇಜಿನ ಅಂಚಿಗಿಟ್ಟು ಅಂಗೈಯಿಂದ ಪಟ್ಟನೆ ಹೊಡೆದೆ. ಗಾಜು ದಾರ ಹಿಡಿದಂತೆ ನೆಟ್ಟಗೆ ಸೀಳಿತು. ಕೋಣೆಯೆಲ್ಲ ಚಪ್ಪಾಳೆ. "ಕಾಕಾ, ಏನ್ ಕೈ ಅದರೀ ನಿಮ್ದು!" ಎಂದಳು ಮೇಡಂ. "ಎಲ್ಲಾ ನಿಮ್ಮ ಪಾಠರಿ," ಎಂದು ನಾಚಿಕೊಂಡೆ. ಕಷ್ಟವಾದದ್ದು ಒಂದೇ. ಕಟರ್ ಹಿಡಿದಾಗಲೆಲ್ಲ ನನ್ನ ಬಲಗೈ ತಾನಾಗಿಯೇ ದೌತಿಯನ್ನು ಹುಡುಕುತ್ತ, ಬೀಡಿ ಬಿಟ್ಟವನ ಕೈ ಜೇಬಿಗೆ ಹೋದ ಹಾಗೆ, ಮೇಜಿನ ಮೇಲೆಲ್ಲ ತಡವರಿಸುತ್ತಿತ್ತು. ಕೆಲವೇ ವಾರಗಳಲ್ಲಿ ಎಲ್ಲರೂ ತಮ್ಮ ಗಾಜನ್ನು ನನ್ನ ಮುಂದೆ ತಂದಿಡತೊಡಗಿದರು. ನಾನು ಭಾಲ್ಕಿಯಿಂದ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬರತೊಡಗಿದೆ.

ನನ್ನ ಪಕ್ಕ ಕೂರುತ್ತಿದ್ದವರು ಎಸ್ತರ್ ಸಿಸ್ಟರ್. ಬೀದರಿನ ಆಸ್ಪತ್ರೆಯೊಂದರಲ್ಲಿ ಹೆರಿಗೆ ಕೋಣೆಯ ದಾದಿಯಾಗಿ ನಿವೃತ್ತರಾದವರು, ಔರಾದಿನಿಂದ ಬಸ್ಸಿಗೆ ಬರುತ್ತಿದ್ದರು. ಹೆರಿಗೆ ಕೋಣೆಯ ಹಳೆಯ ಬಾಗಿಲಿನ ಮೇಲೊಂದು ನೀಲಿ ಗಾಜು ಇತ್ತಂತೆ. ನೋವು ತಿನ್ನುವ ಹೆಂಗಸರಿಗೆ "ಆ ನೀಲಿ ನೋಡ್ರೆವ್ವ, ನೀಲಿ ನೋಡ್ರಿ" ಎನ್ನುತ್ತ ಕಾಲ ಕಳೆದವರು ಅವರು. ಬಾಗಿಲು ಕಿತ್ತ ದಿನ ಆ ಗಾಜನ್ನು ಕೇಳಿ ಇಸಿದುಕೊಂಡು, ಸೀರೆಯಲ್ಲಿ ಸುತ್ತಿ ಇಟ್ಟಿದ್ದರು. ಅದರಿಂದ ಕಿಟಕಿಗೆ ತೂಗುಹಾಕುವ ಹುಂಜವೊಂದನ್ನು ಮಾಡಬೇಕೆಂದೇ ಅವರು ಕಲಿಯಲು ಬಂದದ್ದು. ಹುಂಜ ಯಾಕೆ ಎಂದರೆ, "ಹಡಿಯೋದೆಲ್ಲಾ ನಸಿಕಿನ್ಯಾಗರಿ. ಕೂಸು ಅತ್ತಾಗೊಮ್ಮೆ ಹೊರಗ ಹುಂಜ ಕೂಗ್ತಿತ್ತು," ಎಂದರು.

ಹುಂಜಕ್ಕೆ ಕೊರಳಿದೆ, ಕೊರಳಿಗೆ ಒಳಬಾಗಿದ ಬಳುಕು ಇದೆ. ನನ್ನ ಲೋಕದಲ್ಲಿ ದೇವರೂ ಚೌಕ, ಸತ್ತವರೂ ಚೌಕ. ಒಳಬಾಗಿದ ಗೆರೆಯನ್ನು ಒಂದೇ ಏಟಿಗೆ ಬಿಡಿಸಬಾರದು, ಇಲಿ ರೊಟ್ಟಿ ತಿಂದ ಹಾಗೆ ಇಕ್ಕಳದಿಂದ ಚೂರುಚೂರೇ ಕಡಿಯಬೇಕು ಎಂದು ಮೇಡಂ ಹೇಳಿದ್ದಳಂತೆ. ಆಗ ನಾನು ಯಾರದೋ ಹೊಗಳಿಕೆ ಕೇಳುವುದರಲ್ಲಿ ಮಗ್ನನಾಗಿದ್ದೆ.

ಆ ದಿನ ಮೇಡಂ ಲಾರಿಯವನೊಂದಿಗೆ ಜಗಳವಾಡಲು ಕೆಳಗಿಳಿದಿದ್ದಳು. ಸಿಸ್ಟರ್ ನೀಲಿ ಗಾಜನ್ನು ಮುಂದಿಟ್ಟುಕೊಂಡು ಕೂತಿದ್ದರು.

"ಕೊಡ್ರಿ ಇಲ್ಲಿ ಸಿಸ್ಟರ್, ನಾ ಕೊಯ್ದು ಕೊಡ್ತೇನಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿ ಕೊಟ್ಟರು. ಗೆರೆ ಎಳೆದೆ. ಮೇಜಿನ ಅಂಚಿಗಿಟ್ಟು ಅಂಗೈಯಿಂದ ಪಟ್ಟನೆ ಹೊಡೆದೆ. ಗಾಜು ನನ್ನ ಮಾತನ್ನು ಚಾಚೂ ತಪ್ಪದೆ ಕೇಳಿತು: ಬಳುಕನ್ನು ಬದಿಗಿಟ್ಟು, ಕೊರಳಿನ ನಟ್ಟನಡುವೆ ನೆಟ್ಟಗೆ ಸೀಳಿತು.

ಕೋಣೆಯೆಲ್ಲ ನನ್ನತ್ತ ತಿರುಗಿತು. ಆಗ ನಾನು ಎರಡನೆಯ ಸುಳ್ಳು ಹೇಳಿದೆ. "ಗಾಜು ಹಳೀದ್ರಿ. ಜೀವ ಹೋಗಿತ್ತು ಅದರಾಗ."

ಸಿಸ್ಟರ್ ಎರಡೂ ಚೂರುಗಳನ್ನು ಸೀರೆಯಲ್ಲಿ ಸುತ್ತಿಕೊಂಡರು. "ಇರಲಿ ಬಿಡ್ರಿ ಅಣ್ಣಾರ. ನೀವೂ ನನ್ನಂಗ ಹೊಸಬರು. ಕಲಿಯೋ ಕೈಯಾಗ ಒಡಿಯೋದ."

ಬೈದಿದ್ದರೆ ನಾನು ಹಗುರಾಗುತ್ತಿದ್ದೆ. ಅವರು ಕೊಟ್ಟ ಕ್ಷಮೆ ಹೊಸಬನಿಗೆ ಸಲ್ಲಬೇಕಾದದ್ದು. ಅದನ್ನು ಕದ್ದ ಮಾಲಿನಂತೆ ಹೊತ್ತು ಭಾಲ್ಕಿಯ ಬಸ್ಸು ಹತ್ತಿದೆ.

ಮನೆಯಲ್ಲಿ ಎಲ್ಲ ಹೇಳಿದೆ. ಗುರುಬಸಮ್ಮ ಸಮಾಧಾನವಾಗಿಯೇ ಕೇಳುತ್ತಿದ್ದಳು, ನೀಲಿ ಗಾಜಿನ ಮಾತು ಬರುವವರೆಗೆ.

"ಬೀದರ ದವಾಖಾನಿ ಬಾಗಿಲ ಮ್ಯಾಲಿನ ನೀಲಿನಾ? ಅದನ್ನ ಒಡದು ಬಂದೀರಾ? ಅದನ್ನ ನೋಡಿಕೋತ ನಾ ನಿಮ್ಮ ಮಗಳನ್ನ ಹಡದೀನ್ರಿ! ನೀವೆಲ್ಲಿದ್ರಿ ಅವತ್ತ? ಅಂಗಡ್ಯಾಗ, ಯಾರದೋ ಸತ್ತ ಮುದುಕನ ಫೋಟೋಕ್ಕ ಮೊಳಿ ಹೊಡಿಲಿಕತ್ತಿದ್ರಿ!"

ಸತ್ಯವೇ. ಮುಂದಿನ ಐತವಾರದವರೆಗೆ ಚಹಾ ಬಂತು, ಸಕ್ಕರೆ ಬರಲಿಲ್ಲ.

ಐತವಾರ ದೌತಿಯನ್ನು ಚೀಲದ ತಳದಿಂದ ತೆಗೆದು ಪಾಠದ ಮೇಜಿನ ನಡುವೆ ಇಟ್ಟೆ. ಕೋಣೆಯೆಲ್ಲ ಸೀಮೆಎಣ್ಣೆ ನಾರಿತು. ನಾನು ಯಾರು, ಏನು, ಗಾಜಿಗೆ ಜೀವವಿತ್ತು, ನನಗೆ ಬುದ್ಧಿ ಇರಲಿಲ್ಲ, ಎಲ್ಲವನ್ನೂ ನಿಂತೇ ಒಪ್ಪಿಸಿದೆ. ಸಬಾ ಮೇಡಂ ಬಾಯಿಗೆ ಓಢಣಿ ಅಡ್ಡ ಹಿಡಿದಳು. ನಗುವಿಗೋ ವಾಸನೆಗೋ ತಿಳಿಯಲಿಲ್ಲ. ಸಿಸ್ಟರ್ ಮಾತ್ರ ಕನ್ನಡಕ ಒರೆಸುತ್ತ ಕೂತಿದ್ದರು.

"ಗೊತ್ತದರಿ ಅಣ್ಣಾರ. ನನ್ನ ತವರಮನಿ ಭಾಲ್ಕಿ. ನಮ್ಮಪ್ಪನ ಫೋಟೋಕ್ಕ ಕಟ್ಟು ಹಾಕಿದವರು ನೀವ. ಮೊದಲನೇ ದಿನಾನ ಗುರ್ತು ಹಿಡದೀನಿ."

"ಮತ್ತ ಹೊಸಬರು ಅಂದ್ರಿ?"

"ಮಂದಿ ಮುಂದ ನಿಮ್ಮ ಮಾರಿ ಸಣ್ಣದಾಗಿತ್ತು, ಅದಕ್ಕ ಅಂದೆ. ಖರೇನ ಹೊಸಬರಾಗಿದ್ರ ಆ ಗಾಜು ನಿಮ್ಮ ಕೈಯಾಗ ಕೊಡ್ತಿದ್ನೇನ್ರಿ?"

ಆ ಮಾತು ನನ್ನನ್ನೇ ಮೇಜಿನ ಅಂಚಿಗಿಟ್ಟು ಹೊಡೆದ ಹಾಗಿತ್ತು. ನೆಟ್ಟಗೆ ಸೀಳಿಹೋದೆ. ನಾನು ಹಂಬಲಿಸಿದ ಶಭಾಸ್‌ಗಿರಿ, ನನ್ನ ಮುಖ ನೋಡಿ ಅವರು ಗಾಜು ಕೊಟ್ಟ ಆ ಒಂದು ಕ್ಷಣದಲ್ಲಿ, ಚಪ್ಪಾಳೆಯಿಲ್ಲದೆ ನನಗೆ ಆಗಲೇ ಸಂದಿತ್ತು. ಅದನ್ನು ನಾನು ಕಾಣಲಿಲ್ಲ.

ಶಿಕ್ಷೆಯನ್ನು ಮೇಡಂ ವಿಧಿಸಿದಳು. ಹುಂಜದ ಬಳುಕುಗಳನ್ನೆಲ್ಲ ನಾನೇ ಕಡಿಯಬೇಕು, ಇಲಿಯ ಹಾಗೆ, ಮೊದಲು ರದ್ದಿ ಗಾಜಿನಲ್ಲಿ ಕಲಿತು. ಹಲವು ಐತವಾರ ನನಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಬಳುಕುಗಳು ನಿಜವಾಗಿಯೂ ಇಲಿ ತಿಂದ ಹಾಗೇ ಇದ್ದವು. ಕೊನೆಗೆ ಸಿಸ್ಟರ್ ಚೂರುಗಳ ಅಂಚಿಗೆ ತಾಮ್ರದ ಪಟ್ಟಿ ಸುತ್ತಿ, ಬೆಸುಗೆ ಹಾಕಿ ಹುಂಜವನ್ನು ಎತ್ತಿ ಹಿಡಿದರು. ಸೀಳಿದ ಕಡೆ ಕೊರಳಿನಿಂದ ಎದೆಗೆ ಬೆಸುಗೆಯ ಗೆರೆಯೊಂದು ಇಳಿದಿತ್ತು.

"ಶಿವದಾರ ಹಾಕಿದಂಗ ಆಗ್ಯದ ನೋಡ್ರಿ," ಎಂದರು ಆ ಚರ್ಚಿನ ಹೆಣ್ಣುಮಗಳು. "ನಮ್ಮ ಹುಂಜಕ್ಕ ನಿಮ್ಮ ಕೈಲೆ ಲಿಂಗದೀಕ್ಷಾ ಆತು. ಪಾದ್ರಿ ಸಾಹೇಬರು ಮನಿಗೆ ಬಂದ್ರ ಏನ ಹೇಳ್ಲಿ?"

"ಭಾಲ್ಕಿಗೆ ಬೀಗರ ಮನಿಗೆ ಹೋಗಿ ಬಂದದ ಅಂತ ಹೇಳ್ರಿ," ಎಂದೆ.

ಗುರುಬಸಮ್ಮನನ್ನು ಕರೆದುಕೊಂಡು ಔರಾದಿಗೆ ಹೋದೆ. ಹುಂಜ ಕಿಟಕಿಯಲ್ಲಿ ತೂಗುತ್ತಿತ್ತು, ನೀಲಿ ಬೆಳಕು ನೆಲದ ಮೇಲಿತ್ತು. ಅವಳು ಬಹಳ ಹೊತ್ತು ನಿಂತು ನೋಡಿ, ಸೆರಗಿನಿಂದ ಕಣ್ಣೊತ್ತಿಕೊಂಡು, "ಇದ ನೀಲಿ," ಎಂದಳು. ಆಮೇಲೆ ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದು, "ಥೂ, ಮತ್ತ ಎಣ್ಣಿ ವಾಸನಿ," ಎಂದಳು. ಕೈಯನ್ನು ಮಾತ್ರ ಬಿಡಲಿಲ್ಲ.

ದೌತಿ ಈಗ ಗಂಜಿನ ಪಾಠದ ಮೇಜಿನ ನಡುವೆಯೇ ಇರುತ್ತದೆ. ಎಲ್ಲರೂ ಅದರಲ್ಲಿ ಕಟರ್ ಅದ್ದುತ್ತಾರೆ. ಹೊಸಬರು ಯಾರಾದರೂ ಬಂದು ಇದು ಯಾರದು ಎಂದು ಕೇಳಿದರೆ, ನಾನು ರದ್ದಿ ಗಾಜಿನಿಂದ ತಲೆಯೆತ್ತಿ ನನ್ನದೆನ್ನುತ್ತೇನೆ.