ಅಕ್ಕನಿಗೆ ಕಾವಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಬೆಳಗ್ಗೆ ಎದ್ದು ಫೋನ್ ತೆಗೆದರೆ ಮೂಲೆಯಲ್ಲಿ ಈರುಳ್ಳಿ ಹೆಚ್ಚಿಟ್ಟರೆ ವೈರಸ್ಸೆಲ್ಲ ಅದರೊಳಗೆ ಸೇರಿಕೊಳ್ಳುತ್ತದೆ, ಅಂಗಡಿಯ ಎಲೆಕೋಸು ಪ್ಲಾಸ್ಟಿಕ್ಕಿನದು, ಗುಬ್ಬಿಗಳನ್ನು ಬೇಕಂತಲೇ ಟವರ್ ಹಾಕಿ ಕೊಂದರು ಎಂದೆಲ್ಲ ಓದಿಕೊಂಡು ಯಾರು ತಾನೇ ತಣ್ಣಗಿರಲು ಸಾಧ್ಯ? ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿರುವವರೆಲ್ಲ ಓದಿದವರೇ. ಇಂಜಿನಿಯರುಗಳಿದ್ದಾರೆ, ಆಡಿಟರ್ ಇದ್ದಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವುದರಲ್ಲಿ ಎಲ್ಲರೂ ಒಂದೇ. ನಾನು ಪ್ರತಿಯೊಂದಕ್ಕೂ ಉತ್ತರ ಬರೆದು, ಜಗಳ ಆಡಿ, ಗುಂಪಿನಿಂದ ಹೊರಬಿದ್ದು, ಮತ್ತೆ ಒಳಗೆ ಸೇರಿದವಳು.

ಈ ಬುದ್ಧಿ ನನಗೆ ಬಂದದ್ದು ಅಕ್ಕನಿಂದ. ನನಗಿಂತ ಬಹಳ ದೊಡ್ಡವಳು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಊರಿನ ಗಣಪತಿಗಳೆಲ್ಲ ಹಾಲು ಕುಡಿಯುತ್ತಿವೆ ಎಂದು ಜನ ಸಾಲು ನಿಂತ ದಿನ ಅವಳು ನಮ್ಮ ರುಬ್ಬುಗುಂಡನ್ನು ತೊಳೆದು ಜಗಲಿಯ ಮೇಲಿಟ್ಟು, ಚಮಚದಲ್ಲಿ ಹಾಲು ಹಿಡಿದು, ಅದಕ್ಕೂ ಕುಡಿಸಿ ತೋರಿಸಿದ್ದಳು. "ನೋಡ್ರೇ, ಇದಕ್ಕೂ ಹಸಿವಂತೆ" ಅಂದಿದ್ದಳು. ಅಮ್ಮ ಅವಳೊಂದಿಗೆ ಎರಡು ದಿನ ಮಾತಾಡಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವಳ ಬಾಯಲ್ಲಿ ಸದಾ ಇರುತ್ತಿತ್ತು. ಇಂಥವಳ ತಂಗಿಯಾಗಿ ಹುಟ್ಟಿದ್ದು ನನ್ನ ಪುಣ್ಯವೆಂದೇ ತಿಳಿದಿದ್ದೆ.

ಭಾವ ಹೋದದ್ದು ಕೊರೋನಾದ ಎರಡನೇ ಅಲೆಯಲ್ಲಿ. ಅಕ್ಕ ಭಾವನಿಗೆ ಮಕ್ಕಳಿಲ್ಲ. ಶ್ರೀನಗರ ಬಡಾವಣೆಯ ಅವರ ಮನೆಯಿಂದ ಭಾವ ಆಂಬುಲೆನ್ಸಿನಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ಹೋದರು, ಅಲ್ಲಿಂದ ಮುಖ ಕೂಡ ಕಾಣದಂತೆ ಕಟ್ಟಿದ ಚೀಲದಲ್ಲಿ ಹೊರಗೆ ಬಂದರು. ಆಗ ನಾನೇ ಜ್ವರದಲ್ಲಿ ಮಲಗಿದ್ದೆ. ನೆಂಟರೆಲ್ಲ ಬಾಗಿಲು ಹಾಕಿಕೊಂಡಿದ್ದರು. ಚಿತಾಗಾರಕ್ಕೆ ಹೋದವಳು ಅಕ್ಕ, ಮಾರನೇ ದಿನ ಅಸ್ಥಿ ತಂದವಳೂ ಅಕ್ಕ. ಅಸ್ಥಿಯ ಕುಡಿಕೆಯನ್ನು ಮನೆಯೊಳಗೆ ತರುವ ಹಾಗಿಲ್ಲವಲ್ಲ, ಹಿತ್ತಲಿನ ಸೀಬೆ ಮರಕ್ಕೆ ಕಟ್ಟಿದ್ದಳು. ಬಸ್ಸು, ಕಾರು ಓಡಾಡಲು ಶುರುವಾದ ಮೇಲೆ ಒಬ್ಬಳೇ ಶ್ರೀರಂಗಪಟ್ಟಣಕ್ಕೆ ಹೋಗಿ ಹೊಳೆಗೆ ಬಿಟ್ಟು ಬಂದಳು. ಇಷ್ಟು ನನಗೆ ಗೊತ್ತಿತ್ತು. ಇಷ್ಟೇ ಗೊತ್ತಿತ್ತು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ, ಗಟ್ಟಿಗಿತ್ತಿ ಎಂದುಕೊಂಡೆ.

ಮೊನ್ನೆ ಮೊನ್ನೆಯ ದೀಪಾವಳಿಯ ಮಾತು. ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆ ಹಚ್ಚಿಸಿಕೊಳ್ಳುವವರು ಯಾರೂ ಇಲ್ಲದೆ ಅಕ್ಕ ಒಬ್ಬಳೇ ನೀರು ಹಾಕಿಕೊಳ್ಳುವುದು ಬೇಡ ಎಂದು ಹಿಂದಿನ ದಿನವೇ ಅವಳ ಮನೆಗೆ ಹೋಗಿದ್ದೆ. ಬೆಳಗಾಗೆದ್ದು ಮಣೆ ಹಾಕಿ ಕೂರಿಸಿ, ಬೆಚ್ಚಗೆ ಮಾಡಿದ ಎಣ್ಣೆ ನೆತ್ತಿಗೆ ತಟ್ಟಿದೆ. ಚಿಕ್ಕಂದಿನಲ್ಲಿ ಅವಳು ನನಗೆ ಉಜ್ಜುತ್ತಿದ್ದ ಹಾಗೇ ಬೆನ್ನು, ಭುಜ, ಕಂಕುಳು ಎಂದು ಉಜ್ಜುತ್ತಾ ಹೋದೆ. ಎಡಗಡೆ ಕೈ ತಡೆಯಿತು. ಒಳಗೆ ಕಲ್ಲಿನಂತೆ ಏನೋ ಸಿಕ್ಕಿತು. ಎದೆಯ ಪಕ್ಕದಲ್ಲಿ ಇನ್ನೊಂದು, ನೆಲ್ಲಿಕಾಯಿಯಷ್ಟು.

"ಅಕ್ಕ, ಏನೇ ಇದು?"

"ಗೊತ್ತು ಕಣೆ. ಯುಗಾದಿಯಿಂದ ಇದೆ. ನೀನು ಉಜ್ಜು, ಎಣ್ಣೆ ಆರೋಗತ್ತೆ."

ಯುಗಾದಿ ಎಲ್ಲಿ, ದೀಪಾವಳಿ ಎಲ್ಲಿ! ಡಾಕ್ಟರಿಗೆ ತೋರಿಸಿದೆಯಾ ಎಂದೆ. ಇಲ್ಲ ಎಂದಳು. ಯಾಕೆ ಎಂದೆ. ತಾನು ಪಾಠ ಮಾಡುತ್ತಿದ್ದ ಅದೇ ನಿಧಾನದ ದನಿಯಲ್ಲಿ ಅವಳು ಹೇಳಿದ್ದು ನನಗೆ ಈಗಲೂ ನಂಬಲಾಗದು.

"ಆಸ್ಪತ್ರೆಗೆ ಹೋದೋರನ್ನ ಬಿಚ್ಚಿ ಬೇಕಾದ್ದು ತೆಗ್ದುಕೊಳ್ತಾರೆ. ನಿಮ್ಮ ಭಾವಂದೂ ತೆಗ್ದುಕೊಂಡ್ರು. ನನ್ನ ಹತ್ರ ಸಾಕ್ಷಿ ಇದೆ."

ಎಣ್ಣೆಯ ಕೈಯಲ್ಲೇ ನಿಂತುಬಿಟ್ಟೆ. ನಮ್ಮ ಗುಂಪಿನ ಆಡಿಟರ್ ಹೇಳಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಇವಳು ನನ್ನ ಅಕ್ಕ. ಇವಳ ಬಾಯಲ್ಲಿ ಈ ಮಾತೇ? ಗಂಟಿಗಿಂತ ಈ ಮಾತಿಗೇ ನಾನು ಹೆಚ್ಚು ಬೆಚ್ಚಿದೆ ಅಂದರೆ ತಪ್ಪಾಗಲಾರದು.

ಸ್ನಾನ ಮುಗಿಸಿ ಬಂದವಳು ಗೋದ್ರೇಜ್ ಬೀರುವಿನಿಂದ ಒಂದು ಕರವಸ್ತ್ರದ ಗಂಟು ತಂದು ನನ್ನ ಮುಂದೆ ಬಿಚ್ಚಿದಳು. ಬೆರಳುದ್ದದ ಸ್ಟೀಲ್ ಪಟ್ಟಿ, ಅದಕ್ಕೆ ಎರಡು ಸ್ಕ್ರೂ. ಮುರಿದ ಮೂಳೆಗೆ ಹಾಕುತ್ತಾರಲ್ಲ, ಅಂಥದು. ಸುಟ್ಟು ಕಪ್ಪಗಾಗಿತ್ತು. ಹೊಳೆಯಲ್ಲಿ ಅಸ್ಥಿ ಬಿಡಲು ಕುಡಿಕೆಯೊಳಗೆ ಕೈ ಹಾಕಿದಾಗ ಅದು ಬೆರಳಿಗೆ ಸಿಕ್ಕಿತಂತೆ. ಅಷ್ಟರಲ್ಲಿ ಅರ್ಧ ಬೂದಿ ನೀರು ಪಾಲಾಗಿತ್ತು. ಭಾವನ ಮೈಯಲ್ಲಿ ಹುಟ್ಟಿದಾಗಿನಿಂದ ಒಂದು ಮೂಳೆಯೂ ಮುರಿದದ್ದಿಲ್ಲ. ಅದು ನನಗೂ ಗೊತ್ತು.

"ಚಿತಾಗಾರಕ್ಕೆ ಹೋಗಿ ಕೇಳ್ದೆ. ನಿಮ್ಮೋರದ್ದೇ ಮೇಡಂ, ಯಾವಾಗ್ಲೋ ಆಪರೇಷನ್ ಆಗಿರುತ್ತೆ, ನಿಮಗೆ ಮರ್ತೋಗಿದೆ ಅಂದ ಅಲ್ಲಿಯೋನು. ಗಂಡನ ಆಪರೇಷನ್ ಮರೀತಾರೇನೆ? ಆಸ್ಪತ್ರೆಗೆ ಹೋದೆ. ಟ್ಯಾಗ್ ಸರಿ ಇತ್ತು, ನಮ್ಮ ಕಡೆ ಏನೂ ತಪ್ಪಾಗಿಲ್ಲ ಅಂದ್ರು. ನಮ್ಮ ನೆಂಟರಿಗೆ ಹೇಳ್ದೆ. ನಿಂಗೆ ದುಃಖದಲ್ಲಿ ಹಾಗನ್ಸುತ್ತೆ ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹುಷಾರಿಲ್ದೆ ಮಲ್ಗಿದ್ದೆ ನೀನು. ಆಮೇಲೆ ಹೇಳಿದ್ರೆ ಬೈತಿದ್ದೆ."

ಕೊನೆಗೆ ಪಾರ್ಕಿನಲ್ಲಿ ವಾಕಿಂಗಿಗೆ ಬರುವ ಒಬ್ಬ ಹೆಂಗಸಿಗೆ ಅಕ್ಕ ಈ ಪಟ್ಟಿ ತೋರಿಸಿದಳಂತೆ. ಆಕೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ನಿಮ್ಮ ಯಜಮಾನ್ರದ್ದಲ್ಲ ಬಿಡಿ ಮೇಡಂ" ಅಂದಳಂತೆ. ಆ ಹೊತ್ತು ಅಕ್ಕ ಕಲ್ಲುಬೆಂಚಿನ ಮೇಲೆ ಕೂತು ಗಳಗಳನೆ ಅತ್ತಳು. ಅಳು ನಿಂತ ಮೇಲೆ ಆಕೆ ಮಿಕ್ಕದ್ದನ್ನು ಹೇಳಿದಳು. ಒಳಗಿನದೆಲ್ಲ ತೆಗೆದು ಮಾರಿಕೊಂಡು, ಯಾವುದೋ ಹೆಣ ಕಟ್ಟಿ ಕೊಡುತ್ತಿದ್ದರು, ಅದಕ್ಕೇ ಮುಖ ತೋರಿಸುತ್ತಿರಲಿಲ್ಲ ಎಂದು. ಅಂಥ ವಿಡಿಯೋಗಳು ಒಂದಾದ ಮೇಲೊಂದು ಅಕ್ಕನ ಫೋನಿಗೆ ಬಂದವು.

"ಇಷ್ಟು ಜನರನ್ನ ಕೇಳ್ದೆ ಕಣೆ. ನಿಜ ಹೇಳಿದ್ದು ಅವಳೊಬ್ಬಳೇ."

ಪಟ್ಟಿ ಭಾವನದಲ್ಲ, ಹಾಗಾಗಿ ಆಕೆ ಹೇಳಿದ್ದರಲ್ಲಿ ಅರ್ಧ ನಿಜವೇ ಆಗಿತ್ತು. ನಮ್ಮ ಗುಂಪಿನವರಿಗೆ ನಾನು ಬರೆದ ಅಷ್ಟುದ್ದದ ಉತ್ತರಗಳಲ್ಲಿ ಒಮ್ಮೆಯೂ ನನಗೆ ಹೊಳೆಯದಿದ್ದದ್ದು ಅಲ್ಲಿ ಹೊಳೆಯಿತು. ಮೊದಲು ಯಾರೋ ಮುಖ ನೋಡಿಕೊಂಡು ಸುಳ್ಳು ಹೇಳಿರುತ್ತಾರೆ. ಸಣ್ಣ ಸುಳ್ಳು, ತಮ್ಮ ತಲೆಯ ಮೇಲೆ ಬರದಿರಲೆಂದು ಹೇಳುವ ಸುಳ್ಳು. ಆಮೇಲೆ ಬಂದು ಅದು ಸುಳ್ಳು ಎಂದವರು ಏನು ಹೇಳಿದರೂ ನಾವು ಕೇಳುತ್ತೇವೆ.

ಆದರೂ ನಾನು ನಾನೇ ತಾನೇ. ಜಗಳಕ್ಕೆ ನಿಂತೆ. ಆ ಹಬ್ಬದಲ್ಲಿ, ಅದರ ಮುಂದಿನ ವಾರಗಳಲ್ಲಿ ಬನಶಂಕರಿ ದಾಟಿ ಶ್ರೀನಗರಕ್ಕೆ ಓಡಾಡಿದ್ದೇ ಓಡಾಡಿದ್ದು. ಚಿತಾಗಾರದಲ್ಲಿ ಅವತ್ತು ಎಷ್ಟು ಹೆಣಗಳಿದ್ದವೋ, ಒಬ್ಬರ ಬೂದಿ ಇನ್ನೊಬ್ಬರ ಕುಡಿಕೆಗೆ ಹೋಗಿರುತ್ತದೆ, ಅಷ್ಟೇ ಎಂದೆ. ಕೊರೋನಾ ಬಂದು ಸತ್ತವರ ಅಂಗ ಯಾವ ಡಾಕ್ಟರ್ ತೆಗೆದುಕೊಳ್ಳುತ್ತಾನೆ, ನೀನೇ ಯೋಚನೆ ಮಾಡು ಎಂದೆ. ನೀನೂ ಒಬ್ಬ ಸೈನ್ಸ್ ಟೀಚರಾ ಎಂದು ಕೂಗಾಡಿದೆ. ಅವಳು ಹುಣಸೆಹಣ್ಣು ಬಿಡಿಸುತ್ತಾ, ಸೊಪ್ಪು ಸೋಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಗಂಟು ಮಾತ್ರ ಬೆಳೆಯುತ್ತಿತ್ತು. ಅವಳು ಎಡಗೈ ಮೇಲೆತ್ತುವುದನ್ನು ಬಿಟ್ಟಿದ್ದಳು, ಅಟ್ಟದ ಮೇಲಿನ ಡಬ್ಬವನ್ನು ನನ್ನ ಕೈಲಿ ತೆಗೆಸುತ್ತಿದ್ದಳು. ಅಕ್ಕ ಸಾಯುತ್ತಾಳೆ ಎಂದು ನಾನು ಹೆದರಿದ್ದೆ.

ಒಂದು ಮಧ್ಯಾಹ್ನ ತಡೆಯಲಾರದೆ ಅಂದುಬಿಟ್ಟೆ. "ಯಾರೂ ಏನೂ ಕದ್ದಿಲ್ಲ ಅಕ್ಕ. ಭಾವ ಕಾಯಿಲೆಯಿಂದ ಹೋದ್ರು. ಚಿತಾಗಾರದ ಜನ ಬೂದಿ ಗುಡಿಸಿ ಯಾವ ಕುಡಿಕೆಗೋ ತುಂಬಿದ್ರು. ಅಷ್ಟೇ ಆಗಿದ್ದು."

ಅವಳು ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕಿಟ್ಟಳು. "ಕದ್ದಿದ್ರೆ, ಅವರು ಯಾರಿಗೋ ಬೇಕಾಗಿತ್ತು ಅಂತಾಗುತ್ತೆ. ಎಲ್ಲೋ ಯಾರದ್ದೋ ಎದೇಲಿ ಅವರ ಹೃದಯ ಹೊಡ್ಕೊಳ್ತಾ ಇರುತ್ತೆ. ಬಸ್ಸಲ್ಲಿ ಯಾರಾದ್ರೂ ಪಕ್ಕದಲ್ಲಿ ಕೂತ್ರೆ ಇವರೇ ಇರಬಹುದಾ ಅನ್ಕೊಳ್ತೀನಿ. ನೀನು ಹೇಳೋ ಥರ ಆಗಿದ್ರೆ ಅವರನ್ನ ಪೊರಕೇಲಿ ಗುಡಿಸಿದ್ರು ಅಂತಾಯ್ತು. ಕಸದ ಹಾಗೆ. ಯಾರಿಗೂ ಗೊತ್ತೂ ಆಗ್ಲಿಲ್ಲ. ಇದನ್ನ ನಂಬು ಅಂತೀಯಲ್ಲ, ನಿಂಗೆ ಕರುಳು ಇದೆಯೇನೆ?"

ಇಷ್ಟು ದಿನ ನಾನು ಅವಳ ಮೌಢ್ಯದ ಜೊತೆ ಗುದ್ದಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳಿಗೆ ಉಳಿದಿದ್ದ ಗಂಡನನ್ನು ಕಿತ್ತುಕೊಳ್ಳುತ್ತಿದ್ದೆ. ನಾನು ಎದ್ದು ಹೋಗಿ ಅಡುಗೆಮನೆಯ ಕಟ್ಟೆ ಹಿಡಿದುಕೊಂಡು ನಿಂತೆ. ಕಾಫಿಗೆ ನೀರಿಟ್ಟೆ. ಎರಡು ಲೋಟ ಹಿಡಿದು ಬಂದು ಅವಳ ಪಕ್ಕದಲ್ಲಿ ಕೂತೆ.

"ನಾನು ಜೊತೇಗೆ ಬರ್ತೀನಿ ಅಕ್ಕ. ಬಾಗಿಲಲ್ಲೇ ನಿಂತಿರ್ತೀನಿ. ಯಾರೂ ಏನೂ ತೆಗಿಯೋಕೆ ಬಿಡಲ್ಲ."

ಅವಳು ಕಾಫಿ ಮುಟ್ಟದೆ ನನ್ನ ಮುಖವನ್ನೇ ನೋಡಿದಳು. ಮಕ್ಕಳು ಹೋಂವರ್ಕ್ ಮಾಡಿದ್ದೇವೆ ಎಂದಾಗ ನೋಡುತ್ತಿದ್ದ ನೋಟ ಅದು.

"ಕಳ್ಳ ಇದಾನೆ ಅಂತ ನಂಬದೋರು ಕಾವಲು ಕಾಯಲ್ಲ ಕಣೆ. ತೂಕಡಿಸ್ತಾರೆ. ನೀನು ನಂಬ್ತೀಯಾ, ಹೇಳು. ನಂಬಿದ್ರೆ ಬರ್ತೀನಿ."

"ನಂಬ್ತೀನಿ."

"ಪೂರ್ತಿ ಹೇಳು."

"ಭಾವನ ಹೃದಯ ತೆಗ್ದುಕೊಂಡ್ರು. ಅದು ಎಲ್ಲೋ ಇದೆ."

ಅವಳು ಕಾಫಿ ಲೋಟ ಕೈಗೆ ತೆಗೆದುಕೊಂಡಳು.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಸೂಜಿ ಹಾಕಿ ಪರೀಕ್ಷೆ ಮಾಡಿದರು. ಕ್ಯಾನ್ಸರ್ ಎಂದರು. ತಡವಾಗಿದೆ, ಆದರೂ ಮಾಡಬಹುದು, ಆಪರೇಷನ್ ಮುಂದಕ್ಕೆ ಹಾಕಬೇಡಿ ಎಂದರು. ಒಂದೊಂದು ಸಲವೂ ನಾನು ಬಾಗಿಲಲ್ಲಿ ನಿಂತೆ. ಅಕ್ಕ ಒಳಗೆ ಹೋಗುವ ಮುಂಚೆ ಒಮ್ಮೆ ತಿರುಗಿ ನನ್ನನ್ನು ನೋಡುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಒಳ್ಳೆಯ ನಟಿಯಾದೆ ಎಂದು ಒಳಗೊಳಗೇ ನಗುತ್ತಿದ್ದೆ ಕೂಡ.

ಆಪರೇಷನ್ ದಿನ ಬೆಳಗ್ಗೆ ಅವಳ ಬಳೆ, ಸರ ಎಲ್ಲ ಬಿಚ್ಚಿ ನನ್ನ ಕೈಗೆ ಕೊಟ್ಟರು. ಹಸಿರು ನಿಲುವಂಗಿ ತೊಡಿಸಿದರು. ಗಾಲಿ ಮಂಚದ ಮೇಲೆ ಅವಳು ಎಷ್ಟು ಚಿಕ್ಕವಳಾಗಿ ಕಂಡಳೆಂದರೆ, ನನ್ನ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋಗುತ್ತಿದ್ದವಳು ಇವಳೇನಾ ಅನ್ನಿಸಿತು. ಥಿಯೇಟರಿನ ಬಾಗಿಲು ಮುಚ್ಚಿತು. ಹಾಲುಬಣ್ಣದ ಗಾಜು, ಒಳಗಿನದು ಒಂದೂ ಕಾಣದು. "ಪೇಷಂಟ್ ಕಡೆಯವ್ರು ಹೊರಗಿರಿ ಆಂಟಿ" ಎಂದು ನರ್ಸ್ ಕುರ್ಚಿ ತೋರಿಸಿದಳು. ನಾನು ಕೂರಲಿಲ್ಲ.

ಮೊದಮೊದಲು ಕೂರದಿದ್ದದ್ದು ಕೊಟ್ಟ ಮಾತಿಗೆ. ಹೊತ್ತು ಹೋದಂತೆ ಬೇರೆ ಏನೋ ಆಗತೊಡಗಿತು. ಒಳಗೆ ಹೋಗುವವರೆಲ್ಲ ಮುಖ ಮುಚ್ಚಿಕೊಂಡಿದ್ದರು. ಯಾರು ಯಾರೆಂದು ಗೊತ್ತಾಗುವಂತಿರಲಿಲ್ಲ. ಎಷ್ಟು ಹೊತ್ತಾಗುತ್ತದೆ ಎಂದರೆ ಒಬ್ಬರು ಒಂದು ಗಂಟೆ, ಇನ್ನೊಬ್ಬರು ಮೂರು ಗಂಟೆ ಎಂದರು. ಯಾಕೆ ಬೇರೆ ಬೇರೆ ಹೇಳುತ್ತಾರೆ? ಒಳಗಿಂದ ಒಬ್ಬ ನೀಲಿ ಐಸ್ ಡಬ್ಬ ಹಿಡಿದು ಅವಸರದಲ್ಲಿ ಹೊರಗೆ ಬಂದ. ನಾನು ಲಿಫ್ಟಿಗೆ ಅಡ್ಡ ನಿಂತೆ.

"ಏನಿದೆ ಇದರಲ್ಲಿ?"

"ಬ್ಲಡ್ ಸ್ಯಾಂಪಲ್ ಮೇಡಂ. ಲ್ಯಾಬಿಗೆ."

"ತೆಗ್ದು ತೋರ್ಸಿ."

ಅವನು ದಂಗಾಗಿ ನೋಡಿದ. ಕುರ್ಚಿಯಲ್ಲಿದ್ದವರೆಲ್ಲ ತಿರುಗಿದರು. ಹುಚ್ಚಿಯೆಂದುಕೊಂಡಿರಬೇಕು, ಮುಚ್ಚಳ ತೆಗೆದು ತೋರಿಸಿದ. ರಕ್ತದ ಸಣ್ಣ ಕೊಳವೆಗಳಿದ್ದವು. ನಾನು ಬಗ್ಗಿ, ಒಂದೊಂದನ್ನೇ ನೋಡಿ, ದಾರಿ ಬಿಟ್ಟೆ. ನನ್ನ ರವಿಕೆ ಬೆವರಿಗೆ ಬೆನ್ನಿಗಂಟಿತ್ತು.

ಕೊನೆಗೆ ಬಾಗಿಲು ತೆಗೆಯಿತು. ಸರ್ಜನ್, ಸಣ್ಣ ವಯಸ್ಸಿನ ಹೆಣ್ಣುಮಗಳು, ಅಕ್ಕನ ಹೆಸರು ಹಿಡಿದು ಕೂಗಿದರು. ತೆಗೆದದ್ದನ್ನು ಮನೆಯವರಿಗೆ ತೋರಿಸುವ ಪದ್ಧತಿಯಂತೆ. ಕೈಯಲ್ಲೊಂದು ಸ್ಟೀಲ್ ಟ್ರೇ, ಮೇಲೆ ಹಸಿರು ಬಟ್ಟೆ.

"ಆಪರೇಷನ್ ಚೆನ್ನಾಗಾಗಿದೆ ಆಂಟಿ. ಪೂರ್ತಿ ತೆಗ್ದಿದೀವಿ. ಅಕ್ಕ ಹುಷಾರಾಗಿದಾರೆ, ಈಗ ಎಚ್ಚರ ಆಗುತ್ತೆ." ಬಟ್ಟೆ ಸರಿಸಿ ತೋರಿಸಿದರು. ಕೊಬ್ಬು, ಮಾಂಸ, ನಡುವೆ ಬಿಳಿಯ ಗೆಡ್ಡೆ.

ನಾನು ಕೈಮುಗಿಯಬೇಕಿತ್ತು. ಅಕ್ಕ ಬದುಕಿದಳು ಎಂದು ಅಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಬೇರೇನೂ ತೆಗ್ದಿಲ್ಲ ತಾನೇ ಡಾಕ್ಟ್ರೇ?"

ಅವರು ಮಾಸ್ಕ್ ಕೆಳಗಿಳಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಇಲ್ಲ ಆಂಟಿ" ಎಂದು ಹೇಳಿ ಬಟ್ಟೆ ಮುಚ್ಚಿದರು.

ನಾನು ಕೈ ಚಾಚಿ, ಆ ಬಟ್ಟೆ ಎತ್ತಿ, ಇನ್ನೊಮ್ಮೆ ನೋಡಿದೆ.