ಮಗುಚಿ ಹಾಕಿದ ಹಲಗೆ

ಭದ್ರಾವತಿಯಲ್ಲಿ ಹಳೆಯ ಮರದ ನೆಲ ತೊಳೆದು ಹೊಸತು ಮಾಡುವವನೆಂದರೆ ಓಬಯ್ಯ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಕಷ್ಟಸುಖ ಕೇಳುವ ನೆಂಟರೂ ಇಲ್ಲ. ಬೂದಿನೀರಿನ ಬಕೆಟ್ಟು, ತೆಂಗಿನ ನಾರು, ಒಂದು ಉಜ್ಜುಗೊರಡು, ಇಷ್ಟೇ ಅವನ ಸಂಸಾರ. ಜನ ಅವನನ್ನು ಸಿಡುಕ ಎನ್ನುತ್ತಿದ್ದರು. ಸಿಡುಕುವುದಕ್ಕಾದರೂ ಎದುರಿಗೊಬ್ಬರು ಬೇಕಲ್ಲ! ದಿನವಿಡೀ ಹಲಗೆಯ ಮೇಲೆ ಮೊಣಕಾಲೂರಿದವನಿಗೆ ಆ ಭಾಗ್ಯವೂ ಇರಲಿಲ್ಲ.

ಮೊದಲು ಹೀಗಿರಲಿಲ್ಲ. ಅವನೂ ಶಿವಮೊಗ್ಗದ ಗುಲಾಮ್ ಮೊಹಿದ್ದೀನನೂ ಜೋಡಿ ಗರಗಸದವರು. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಮಲಗಿಸಿ, ಒಬ್ಬ ಮೇಲೆ ನಿಂತು ಇನ್ನೊಬ್ಬ ಗುಂಡಿಗಿಳಿದು ಉದ್ದ ಗರಗಸ ಎಳೆಯುವ ಕೆಲಸ. ಮೇಲಿನವನು ಗೆರೆ ನೋಡಿಕೊಳ್ಳಬೇಕು. ಕೆಳಗಿನವನ ಕಣ್ಣಿಗೂ ಬಾಯಿಗೂ ಬರೀ ಹೊಟ್ಟು. ಹನ್ನೊಂದು ವರ್ಷ ಓಬಯ್ಯ ಮೇಲೆ, ಮೊಹಿದ್ದೀನ್ ಕೆಳಗೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಇವನ ಉಪ್ಪಿನಕಾಯಿ ಅವನ ರೊಟ್ಟಿಗೆ ಹೋಗುತ್ತಿತ್ತು.

ಸಾವಿರದ ಒಂಬೈನೂರ ಇಪ್ಪತ್ತೆರಡರಲ್ಲಿ ಹೊಳೆದಂಡೆಯ ಮೇಲೆ ದೊರೆಗಳಿಗೊಂದು ಬಂಗಲೆ ಎದ್ದಿತು. ಅದರ ಹಿಂದೆ ನೀರಿನ ಕಡೆಗೆ ಚಾಚಿಕೊಂಡ, ಸೂರಿಲ್ಲದ ಮರದ ಜಗುಲಿ. ಅದಕ್ಕೆ ತೇಗದ ಹಲಗೆ ಕೊಯ್ದವರು ಇವರೇ. ಎಂಟು ಹಲಗೆ ಮಾತ್ರ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬಂದವು. ಮೇಸ್ತ್ರಿ ಕೊಟ್ರಬಸಪ್ಪ ಆಳುಗಳ ಎದುರಿಗೇ ಕೂಗಾಡಿದ.

"ಯಾರಯ್ಯಾ ಹಿಂಗೆ ಓರೆಕೋರೆ ಕೊಯ್ದಿದ್ದು?"

"ಕೆಳಗಿನೋನು ಓರೆ ಎಳ್ದಿದ್ದಾನೆ," ಎಂದ ಓಬಯ್ಯ, ಒಂದು ಕ್ಷಣವೂ ಯೋಚಿಸದೆ. "ಗುಂಡೀಲಿ ಅವನಿಗೇನು ಕಣ್ಣು ಕಾಣುತ್ತಾ?"

ಬೇಕೆಂದು ಸುಳ್ಳು ಹೇಳಿದ್ದಲ್ಲ. ತನ್ನ ಕೈ ತಪ್ಪೀತು ಎಂಬ ಅನುಮಾನವೇ ಅವನಿಗೆ ಬರಲಿಲ್ಲ, ಅಷ್ಟು ಜಂಬ. ಮೊಹಿದ್ದೀನ್ ಅವನ ಮುಖವನ್ನೊಮ್ಮೆ ನೋಡಿ, ಹೆಗಲ ವಸ್ತ್ರ ಕೊಡವಿಕೊಂಡು ಹೊರಟುಹೋದ. ಓರೆ ಕೊಯ್ಯುವವನೆಂದು ಹೆಸರು ಬಿದ್ದವನನ್ನು ಯಾರು ಜೊತೆಗೆ ಸೇರಿಸಿಕೊಳ್ಳುತ್ತಾರೆ? ಶಿವಮೊಗ್ಗದಲ್ಲಿ ಕೈಗಾಡಿ ತಳ್ಳುತ್ತಿದ್ದಾನೆಂದು ಸುದ್ದಿ ಬಂತು. ಇತ್ತ ಓಬಯ್ಯನ ಜೊತೆಗೂ ಯಾರೂ ನಿಲ್ಲಲಿಲ್ಲ. ಮೂವರು ಬಂದರು, ಮೂವರೂ ಬೈಸಿಕೊಂಡು ಬಿಟ್ಟುಹೋದರು. ಇಬ್ಬರ ಗರಗಸವನ್ನು ಒಬ್ಬನೇ ಎಳೆಯುವಂತಿಲ್ಲ. ಹಾಗಾಗಿ ನೆಲ ತೊಳೆಯುವುದಕ್ಕೆ ಇಳಿದ. ತನ್ನ ಬಾಳು ಕೆಡಿಸಿದವನು ಮೊಹಿದ್ದೀನನೆಂದು ಹದಿನೆಂಟು ವರ್ಷ ಮನಸ್ಸಿನಲ್ಲೇ ಶಪಿಸಿದ.

ನಲವತ್ತನೇ ಇಸವಿಯ ಬೇಸಿಗೆಯಲ್ಲಿ ಅದೇ ಜಗುಲಿಯನ್ನು ಸರಿಮಾಡಲು ಕರೆ ಬಂತು. ಹಲಗೆಗಳು ಕಪ್ಪಾಗಿ, ಪಾಚಿ ಹಿಡಿದು, ಮೇಲ್ಮೈ ಸಿಬಿರೆದ್ದಿದ್ದವು. ಇಂಥದಕ್ಕೆ ಓಬಯ್ಯನ ಉಪಾಯ ಒಂದೇ: ಮೊಳೆ ಕಿತ್ತು, ಹಲಗೆ ಮಗುಚಿ, ಬಿಸಿ ಬೂದಿನೀರು ಹೊಯ್ದು ಉಜ್ಜುವುದು, ಒಣಗಿದ ಮೇಲೆ ಹದವಾಗಿ ಹೆರೆದು, ಅಗಸೆ ಎಣ್ಣೆ ಕುಡಿಸಿ, ಕೆಳಮೈಯನ್ನು ಮೇಲೆ ಮಾಡಿ ಮತ್ತೆ ಮೊಳೆ ಹೊಡೆಯುವುದು. ಹಿಂದೆ ಬಡಗಿಗಳು ಮೇಲ್ಮೈಯನ್ನಷ್ಟೇ ಸಮ ಮಾಡಿದ್ದರು. ಕೆಳಗಡೆ ಗರಗಸ ಬಿಟ್ಟ ಹಾಗೆಯೇ ಇತ್ತು.

ಮೂರನೆಯ ದಿನ ಆ ಎಂಟರಲ್ಲಿ ಒಂದು ಹಲಗೆ ಕೈಗೆ ಬಂತು. ಕೊಳೆ ಹೋದ ಮೇಲೆ ನೋಡುತ್ತಾನೆ, ಒಂದು ಅಂಚಿನ ಉದ್ದಕ್ಕೂ ದಪ್ಪ ಒಂದೇ ಸಮ. ಇನ್ನೊಂದು ಅಂಚಿನಲ್ಲಿ ಮಾತ್ರ ಹೆಚ್ಚು ಕಡಿಮೆ. ಗರಗಸ ಮರ ಕಚ್ಚುವುದು ಕೆಳಕ್ಕೆ ಎಳೆವಾಗ. ಆದ್ದರಿಂದ ದಿಮ್ಮಿಯಲ್ಲಿ ಗುಂಡಿಯ ಕಡೆಗಿದ್ದ ಅಂಚಿನಲ್ಲಿ ನಾರು ಹರಿದಿರುತ್ತದೆ. ಓಬಯ್ಯ ಬೆರಳಾಡಿಸಿದ. ನಾರು ಹರಿದಿದ್ದದ್ದು ಸಮವಾಗಿದ್ದ ಅಂಚಿನಲ್ಲಿ. ಅದು ಮೊಹಿದ್ದೀನನ ಕಡೆ. ಓರೆಯಾದದ್ದು ಮೇಲಿನ ಅಂಚು, ತನ್ನದೇ. ಉಳಿದ ಏಳನ್ನೂ ತರಾತುರಿಯಲ್ಲಿ ಕಿತ್ತು ತೊಳೆದ. ಒಂದಾದರೂ ಬೇರೆ ಮಾತು ಹೇಳೀತೆಂದು ಆಸೆ. ಎಲ್ಲವೂ ಹಾಗೆಯೇ ಇದ್ದವು. ಅವನಿಗೆ ನಾಚಿಕೆಯಿಂದ ಮೈ ಬೆವರಿತು.

ಮರುದಿನ ಬೆಳಗಿನ ರೈಲು ಹತ್ತಿದ. ತಪ್ಪಾಯಿತು ಎನ್ನುವುದು ಹೇಗೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಅಭ್ಯಾಸವಿಲ್ಲದ ಮಾತು ನಾಲಗೆಗೆ ಒಗ್ಗಲಿಲ್ಲ. ಶಿವಮೊಗ್ಗದಲ್ಲಿ ಕೇಳಿಕೊಂಡು ಮನೆ ಹುಡುಕಿ ಬಾಗಿಲಲ್ಲಿ ನಿಂತ. ಪರದೆಯ ಹಿಂದಿನಿಂದ ಮೊಹಿದ್ದೀನನ ಹೆಂಡತಿ ಜಹಾನಾರಾ ಯಾರೆಂದು ಕೇಳಿದಳು.

"ಓಬಯ್ಯ ಅಮ್ಮ, ಭದ್ರಾವತಿಯಿಂದ. ಮೊಹಿದ್ದೀನ್ ಇದ್ದಾನಾ?"

"ಹೋದ ರಂಜಾನ್‌ನಲ್ಲಿ ತೀರ್ಕೊಂಡ್ರು."

ಓಬಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನಿಮ್ಮ ಹತ್ರ ಬಂದು ಮಾಫಿ ಕೇಳ್ಬೇಕು ಅಂತಿದ್ರು," ಎಂದಳು ಆಕೆ. "ಕೈ ಓರೆ ಹೋಗಿದ್ದು ನಂಗೆ ಗೊತ್ತೇ ಆಗ್ಲಿಲ್ಲ, ಆದ್ರೆ ಓಬಯ್ಯ ಹೇಳಿದಾನೆ ಅಂದ್ಮೇಲೆ ನಿಜಾನೇ, ಅವನು ಸುಳ್ಳು ಹೇಳೋನಲ್ಲ ಅಂತಿದ್ರು. ಮುಖ ತೋರ್ಸೋಕೆ ನಾಚ್ಕೊಂಡು ಬರ್ಲಿಲ್ಲ."

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ತಪ್ಪು ಅವನದಲ್ಲ ಅಮ್ಮ, ನಂದು. ನಿನ್ನೆ ಹಲಗೆ ನೋಡ್ದೆ. ನಂದೇ," ಎಂದ. ಅಳು ಬಂತು.



"ನಾನೂ ಅದನ್ನೇ ಹೇಳ್ತಿದ್ದೆ," ಎಂದಳು ಜಹಾನಾರಾ. "ತಪ್ಪು ನಿಮ್ದಲ್ಲ, ನಿಮ್ದಲ್ಲ ಅಂತ ಅವ್ರಿಗೆ ಕೊನೇವರೆಗೂ ಹೇಳ್ದೆ. ನನ್ನ ಮಾತು ನಂಬ್ಲಿಲ್ಲ. ನಿಮ್ಮ ಮಾತು ನಂಬಿದ್ರು."