ಭೀಮರಾಯರ ಫ್ರೆಂಚ್ ಅನಧ್ಯಯನ

ಗೋರೆಗಾಂವ್ ಸ್ಟೇಷನ್ನಿನ ಪೂರ್ವಕ್ಕಿರುವ ಎರಡಂತಸ್ತಿನ ಚಾಳೊಂದರಲ್ಲಿ, ಹದಿನಾಲ್ಕನೆಯ ಖೋಲಿಯ ನಿವಾಸಿಗಳಾದ ಭೀಮರಾಯರು ಐವತ್ತೆರಡನೆಯ ವಯಸ್ಸಿನಲ್ಲಿ ಫ್ರೆಂಚ್ ವ್ಯಾಕರಣಕ್ಕೆ ಶರಣಾದದ್ದು ಸ್ವಂತ ಆಸೆಯಿಂದಲ್ಲ. ಬಾಲ್ಯದ ಎಂಟು ವರ್ಷ ವಿಜಾಪುರದ ಕಡೆಯ ಪಾಠಶಾಲೆಯಲ್ಲಿ ಸಂಸ್ಕೃತ ಧಾತುರೂಪಗಳನ್ನು ಉರುಹೊಡೆದು, ಆ ಮೇಲಿನ ಮೂವತ್ತೈದು ವರ್ಷ ಚರ್ಚ್‌ಗೇಟಿನ ರೈಲ್ವೆ ಕಚೇರಿಯಲ್ಲಿ ಕಳೆದುಹೋದ ಸಾಮಾನುಗಳ ಅರ್ಜಿಗಳನ್ನು ವಿಚಾರಿಸುತ್ತ ಬಂದವರು ಅವರು. ಲೋಕದಲ್ಲಿ ಕಳೆದುಹೋಗದ ಸಾಮಾನೆಂದರೆ ಕಂಠಸ್ಥವಾದದ್ದೊಂದೇ ಎಂಬ ಸಿದ್ಧಾಂತಕ್ಕೆ ಪಾಠಶಾಲೆಯೂ ಕಚೇರಿಯೂ ಸಮಾನವಾಗಿ ಸಾಕ್ಷಿಯಾಗಿದ್ದವು.

ಅವರ ಒಬ್ಬಳೇ ಮಗಳು ವಿನೋದಿನಿ ಕಾಲೇಜಿನಲ್ಲಿ ಇಂಟರ್ ಆರ್ಟ್ಸ್ ಓದುತ್ತಿದ್ದಳು. ಫ್ರೆಂಚಿನಲ್ಲಿ ಅಂಕಗಳು ತಾವಾಗಿಯೇ ಉದುರುತ್ತವೆ ಎಂದು ಬಾಂದ್ರಾದ ಗೆಳತಿಯರು ಹೇಳಿದ್ದನ್ನು ನಂಬಿ, ತಂದೆಯ ಸಂಸ್ಕೃತವನ್ನು ಬಿಟ್ಟು ಫ್ರೆಂಚನ್ನು ಆಯ್ದುಕೊಂಡಳು. ಅಂಕಗಳು ಉದುರಿದವು, ಆದರೆ ಅವಳ ಪತ್ರಿಕೆಯಿಂದ ಹೊರಕ್ಕೆ. ೧೯೬೯ರ ಪರೀಕ್ಷೆಯಲ್ಲಿ ಉಳಿದೆಲ್ಲದರಲ್ಲಿ ತೇರ್ಗಡೆಯಾದ ಹುಡುಗಿ ಫ್ರೆಂಚಿನಲ್ಲಿ ಬಿದ್ದಳು.

ಭೀಮರಾಯರ ಧರ್ಮಪತ್ನಿ ಇಂದ್ರಾಬಾಯಿ ಇಂಥ ಸಂದರ್ಭಕ್ಕಾಗಿಯೇ ಸೊಲ್ಲಾಪುರದ ಒಂದು ಸಂಬಂಧವನ್ನು ಉಪ್ಪಿನಕಾಯಿಯಂತೆ ಕಾಪಿಟ್ಟುಕೊಂಡಿದ್ದರು. ವರನಿಗೆ ನೌಕರಿಯಿತ್ತು, ಸ್ವಂತ ಮನೆಯಿತ್ತು, ಕಾಲೇಜು ಕಲಿತ ಸೊಸೆ ಬೇಕೆಂಬ ಹಟವಿರಲಿಲ್ಲ. ಕೊನೆಗೆ ದಂಪತಿಗಳಲ್ಲಿ ಒಂದು ಒಪ್ಪಂದವಾಯಿತು: ವಿನೋದಿನಿ ಮಾರ್ಚಿನಲ್ಲಿ ಮತ್ತೊಮ್ಮೆ ಕೂರಲಿ, ಗೆದ್ದರೆ ಬಿ.ಎ., ಬಿದ್ದರೆ ವೈಶಾಖದಲ್ಲಿ ಮದುವೆ. ಭೀಮರಾಯರು ತಲೆಯಾಡಿಸಿದರೇನೋ ಹೌದು, ಆದರೆ ಅವರ ಎದೆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ತಾವು ಪಾಠಶಾಲೆಯನ್ನು ಅರ್ಧಕ್ಕೆ ಬಿಟ್ಟು ಮುಂಬಯಿಯ ರೈಲು ಹತ್ತಿದ ದಿನ ಅವರಿಗೆ ಇನ್ನೂ ಮರೆತಿರಲಿಲ್ಲ. ಮಗಳು ಅರ್ಧಕ್ಕೆ ಬಿಡುವುದನ್ನು ನೋಡುವ ಶಕ್ತಿ ಅವರಲ್ಲಿರಲಿಲ್ಲ. ಹೀಗಾಗಿ ತಾವೇ ಕಲಿಸುವುದೆಂದು ಸಂಕಲ್ಪಿಸಿದರು. ತಮಗೆ ಫ್ರೆಂಚ್ ಬಾರದೆಂಬ ಸಣ್ಣ ಅಡಚಣೆಯನ್ನು ಅವರು ಗಣನೆಗೆ ತಂದುಕೊಳ್ಳಲಿಲ್ಲ.

ಪುಸ್ತಕ ತೆರೆದ ಮೂರನೆಯ ದಿನವೇ ವೈರಿಯ ಠಾವು ತಿಳಿಯಿತು. ಪ್ರತಿ ವರ್ಷದ ಪತ್ರಿಕೆಯಲ್ಲಿ ಕಥೆಯೊಂದನ್ನು ಕೊಟ್ಟು, ಅದರ ಕ್ರಿಯಾಪದಗಳನ್ನೆಲ್ಲ ಸರಳ ಭೂತಕಾಲಕ್ಕೆ ತಿರುಗಿಸಿರೆಂದು ಕೇಳುತ್ತಿದ್ದರು. ವಿನೋದಿನಿ ಮುಗ್ಗರಿಸಿದ್ದು ಅಲ್ಲಿಯೇ. ಈ ಭೂತಕಾಲವನ್ನು ಫ್ರೆಂಚರು ಬಾಯಲ್ಲಿ ಆಡುವುದೇ ಇಲ್ಲ, ಬರಿಯ ಪುಸ್ತಕಗಳಲ್ಲಿ ಬರೆಯುತ್ತಾರೆಂದು ಅವಳು ಗೊಣಗಿದಾಗ ಭೀಮರಾಯರ ಮುಖ ಅರಳಿತು. ಸಂತೆಯ ಮಾತಿಗೆ ಸೋಂಕದಂತೆ ಒಂದು ಕಾಲವನ್ನೇ ಮಡಿಕೋಲಿನ ಮೇಲೆ ಒಣಹಾಕಿದ ಜನಾಂಗದ ಮೇಲೆ ಅವರಿಗೆ ಅಂದೇ ಗೌರವ ಹುಟ್ಟಿತು.

"ಮಡಿ ಐತಿ ನೋಡವಾ ಇವರಿಗೆ," ಎಂದರು. "ಸುಮ್ನ ಮ್ಲೇಚ್ಛರು ಅಂತೇವಿ."

ಆದರೂ ದೋಷಗಳಿಲ್ಲದಿರಲಿಲ್ಲ. ಬರೆದ ಅಕ್ಷರಗಳನ್ನು ನುಂಗಿ ಉಚ್ಚರಿಸುವುದು ಅವರ ದೃಷ್ಟಿಯಲ್ಲಿ ಅಕ್ಷರಹತ್ಯೆ. 'ನಾನು' ಎಂಬಲ್ಲಿಂದ ರೂಪಗಳನ್ನು ಆರಂಭಿಸುವುದಂತೂ ಶುದ್ಧ ಅಹಂಕಾರ. ನೆಪೋಲಿಯನ್ನನಿಗೆ ಒದಗಿದ ದುರ್ಗತಿಯ ಬೀಜ ಅದರಲ್ಲಿಯೇ ಇದೆಯೆಂದು ಅವರು ಶಂಕಿಸಿದರು. ಆದ್ದರಿಂದ ಹದಿನಾಲ್ಕನೆಯ ಖೋಲಿಯಲ್ಲಿ ಪಾಠ ಸಂಸ್ಕೃತದ ಕ್ರಮದಂತೆ 'ಅವನು' ಎಂಬಲ್ಲಿಂದಲೇ ಮೊದಲಾಗುತ್ತಿತ್ತು. ನಸುಕಿನಲ್ಲಿ ಸ್ನಾನ ಮಾಡಿ, ದ್ವಾದಶನಾಮಗಳನ್ನು ತೀಡಿಕೊಂಡು, ಸಂಧ್ಯಾವಂದನೆ ಮುಗಿಸಿ, ಮಗಳನ್ನು ಎದುರು ಕೂರಿಸಿಕೊಂಡು ತಂದೆ ಸ್ವರವೆತ್ತುತ್ತಿದ್ದರು: "ಇಲ್ ಪಾರ್ಲಾ, ಇಲ್ ಪಾರ್ಲೇರ್." ಅವನು ಮಾತಾಡಿದನು, ಅವರು ಮಾತಾಡಿದರು ಎಂದರ್ಥ. ಮಗಳು ಆಕಳಿಸುತ್ತ ಎರಡು ಸಲ ಹೇಳಬೇಕು. ಪಕ್ಕದ ಖೋಲಿಯ ಸೋಮವ್ವ, ಕಟ್ಟಡದ ಕೆಲಸಕ್ಕೆ ಹೊರಡುವ ಮುನ್ನ ಬಾಗಿಲಲ್ಲಿ ನಿಂತು ಕೈಮುಗಿಯುತ್ತಿದ್ದಳು. ಇದು ದೇವರ ಮಂತ್ರವಲ್ಲವೆಂದು ಇಂದ್ರಾಬಾಯಿ ತಿಳಿಹೇಳಿದಾಗ, ಯಾರ ಮಂತ್ರವಾದರೇನು, ರಾಯರು ಅಂದಮೇಲೆ ಫಲ ಇದ್ದೇ ಇರುತ್ತದೆಂದಳು.

ಫಲ ದೊರೆಯುವುದಕ್ಕೆ ಒಂದೇ ವಿಘ್ನವಿತ್ತು. ವಿದ್ಯೆಯೆಂದ ಮೇಲೆ ಅದಕ್ಕೆ ಅನಧ್ಯಯನದ ದಿನಗಳುಂಟು. ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ, ಪಾಡ್ಯಗಳಂದು ಪಾಠ ಹೇಳಬಾರದು. ಪಾಡ್ಯದಂದು ಕಲಿತದ್ದಂತೂ ಸವೆದುಹೋಗುತ್ತದೆ. ಮನೆಗೆ ಶಿಷ್ಟರು ಬಂದರೆ ಪಾಠ ನಿಲ್ಲಬೇಕು. ಗುರುಶಿಷ್ಯರ ನಡುವೆ ಬೆಕ್ಕೋ ಇಲಿಯೋ ಹಾದುಹೋದರೆ ಒಂದು ಹಗಲು ಒಂದು ರಾತ್ರಿ ಪುಸ್ತಕ ಮುಟ್ಟುವಂತಿಲ್ಲ. ಅರಣ್ಯದಲ್ಲಿ ಆಶ್ರಮ ಕಟ್ಟಿಕೊಂಡಿದ್ದ ಋಷಿಗಳು ಈ ಕೊನೆಯ ನಿಯಮವನ್ನು ವಿಧಿಸುವಾಗ ಮುಂಬಯಿಯ ಚಾಳುಗಳನ್ನು ಕಂಡಿರಲಿಲ್ಲ.

ಭೀಮರಾಯರು ಈ ಪಟ್ಟಿಯನ್ನು ಮೊದಲ ದಿನವೇ ಮಗಳಿಗೆ ವಿವರಿಸಿದ್ದರು. ಸರಳ ಭೂತಕಾಲವನ್ನು ಆರು ವಾರಗಳಲ್ಲಿ ಕಲಿಯಲಾರದ ವಿನೋದಿನಿ ಅನಧ್ಯಯನ ಪ್ರಕರಣವನ್ನು ಒಂದೇ ದಿನದಲ್ಲಿ ಕರಗತ ಮಾಡಿಕೊಂಡಳು. ಅಲ್ಲಿಂದಾಚೆಗೆ ಸೋಮವ್ವನ ಬೆಕ್ಕು, ಪಾಠದ ಅತಿ ಕಠಿಣವಾದ ಘಟ್ಟದಲ್ಲಿಯೇ, ಅವರಿಬ್ಬರ ನಡುವೆ ಗಾಂಭೀರ್ಯದಿಂದ ನಡೆದು ಹೋಗತೊಡಗಿತು. ಭೀಮರಾಯರು ಕೂಡಲೇ ಪುಸ್ತಕ ಮುಚ್ಚಿ "ನಾರಾಯಣ" ಎನ್ನುತ್ತಿದ್ದರು. ಫೆಬ್ರುವರಿಯ ಇಪ್ಪತ್ತೆಂಟು ದಿನಗಳಲ್ಲಿ ಪಾಠ ನಡೆದದ್ದು ಒಂಬತ್ತು ದಿನ. ಹಾಲಿನ ಕೆನೆ ದಿನದಿನವೂ ಮಾಯವಾಗುವುದನ್ನು ಗಮನಿಸಿದ ಇಂದ್ರಾಬಾಯಿ ಒಂದು ಬೆಳಿಗ್ಗೆ, ಮಗಳ ಚಾಪೆಯ ಹಿಂದೆ ಕೆನೆ ಸವರಿದ ಬಟ್ಟಲನ್ನು ಹಿಡಿದು ಎತ್ತಿದರು.

"ನೋಡ್ರಿ ನಿಮ್ಮ ಶಿಷ್ಯೋತ್ತಮಿ ಪಾಂಡಿತ್ಯ," ಎಂದರು. "ಸೊಲ್ಲಾಪುರಕ್ಕ ಪತ್ರ ಬರೀರಿ ಇನ್ನ."

ಭೀಮರಾಯರು ಮಗಳನ್ನು ಬೈಯಲಿಲ್ಲ. ಶಾಸ್ತ್ರದಲ್ಲಿ ಬೆಕ್ಕು ತಾನಾಗಿ ಬಂದಿತೇ, ಕರೆದಾಗ ಬಂದಿತೇ ಎಂಬ ಭೇದವನ್ನು ಹೇಳಿಲ್ಲವೆಂದಷ್ಟೇ ನುಡಿದು, ಎಂಟೂವರೆಯ ಲೋಕಲ್ ಹಿಡಿಯಲು ಹೊರಟುಹೋದರು. ಆದರೆ ಅಂದು ಕಚೇರಿಯಲ್ಲಿ, ಯಾರದೋ ಕಳೆದುಹೋದ ಹಾಸಿಗೆಯ ಸುರುಳಿಯ ಬಗ್ಗೆ ಬರೆಯುತ್ತಿದ್ದ ಅವರ ಲೇಖನಿ ಎರಡು ಸಲ ನಿಂತಿತು. ಮಗಳಿಗೆ ಓದು ಬೇಡವೇ ಬೇಡವೆಂದಾದರೆ ನಾನು ಯಾರಿಗಾಗಿ ಈ ಪರಭಾಷೆಯ ಧಾತುಗಳನ್ನು ಹೊರುತ್ತಿದ್ದೇನೆ?

ವಿನೋದಿನಿಗೆ ಭಯ ಹುಟ್ಟಿದ್ದು ಮಾರ್ಚಿನ ಮೊದಲ ವಾರದಲ್ಲಿ, ಸೊಲ್ಲಾಪುರದಿಂದ ವರನ ಭಾವಚಿತ್ರ ಬಂದಾಗ. ಅವಳು ಬೆಕ್ಕನ್ನು ತಾನೇ ಹೊರಗಟ್ಟಿ, ಬಾಗಿಲಿಗೆ ಅಗಳಿ ಹಾಕಿ, ಪುಸ್ತಕ ಹಿಡಿದು ತಂದೆಯ ಎದುರು ಬಂದು ಕೂತಳು. ಆದರೆ ಪಂಚಾಂಗಕ್ಕೆ ಅಗಳಿ ಹಾಕುವುದು ಸಾಧ್ಯವಿರಲಿಲ್ಲ. ಶುಕ್ರವಾರ ಚತುರ್ದಶಿ, ಶನಿವಾರ ಅಮಾವಾಸ್ಯೆ, ಭಾನುವಾರ ಪಾಡ್ಯ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಫ್ರೆಂಚ್ ಪರೀಕ್ಷೆ.

ಎರಡು ದಿನ ಭೀಮರಾಯರು ಮಗಳ ಮುಖವನ್ನು ನೋಡದೆ ಕಳೆದರು. ಭಾನುವಾರ ಬೆಳಿಗ್ಗೆ, ಅವರು ಜಪ ಮುಗಿಸಿ ಕಣ್ತೆರೆದಾಗ, ವಿನೋದಿನಿ ಎದುರಿಗಿದ್ದಳು. ಅವಳ ತೊಡೆಯ ಮೇಲೆ ಇದ್ದದ್ದು ಫ್ರೆಂಚ್ ಪುಸ್ತಕವಲ್ಲ. ಕಪಾಟಿನ ಮೇಲಿನ ಖಾನೆಯಿಂದ ಇಳಿಸಿದ, ಮರಾಠಿ ಅರ್ಥವಿದ್ದ ಅವರದೇ ಧರ್ಮಶಾಸ್ತ್ರದ ಹಳೆಯ ಪ್ರತಿ.

"ಅಪ್ಪಾ, ಒಂದು ಡೌಟ್ ಇದೆ. ವ್ಯಾಕರಣ ವೇದಾಂಗ ಹೌದಲ್ಲ?"

"ಆರ ಅಂಗದಾಗ ಮುಖನ ಅದು."

"ಮತ್ತೆ ಇಲ್ಲಿ ಬರದಾರೆ, ವೇದಾಂಗ ಓದ್ಲಿಕ್ಕೆ ಅನಧ್ಯಯನ ಬಾಧಾ ನಾಹೀ, ಅಡ್ಡಿ ಇಲ್ಲ. ಓದಿ ನೋಡ್ರಿ."

ಭೀಮರಾಯರು ಕನ್ನಡಕ ಏರಿಸಿ ಓದಿದರು. ವಚನ ಇದ್ದದ್ದು ನಿಜ. ಪಾಠಶಾಲೆಯ ರೂಢಿ ಬೇರೆಯಿತ್ತು, ಆದರೆ ವಚನದ ಎದುರಿಗೆ ರೂಢಿ ಬಲಹೀನ. ಅವರು ಸಾವರಿಸಿಕೊಂಡು, ಕೊನೆಯ ಬಾಣವನ್ನು ಹೂಡಿದರು.

"ಅದು ಸಂಸ್ಕೃತ ವ್ಯಾಕರಣದ ಮಾತವಾ. ಫ್ರೆಂಚ್ ಎಲ್ಲಿ ವೇದಾಂಗ ಆದೀತು?"

ವಿನೋದಿನಿ ಇದಕ್ಕಾಗಿಯೇ ಕಾದಿದ್ದಳು.

"ವೇದಾಂಗ ಅಲ್ಲ ಅಂದ್ರೆ ಅದಕ್ಕೆ ಅನಧ್ಯಯನ ಯಾಕೆ ಬಂತು? ವೇದಕ್ಕೆ ಸಂಬಂಧಾನೇ ಇಲ್ಲ. ಹೌದಂದ್ರೂ ಓದಬಹುದು, ಅಲ್ಲ ಅಂದ್ರೂ ಓದಬಹುದು. ನೀವೇ ಹೇಳ್ರಿ, ಯಾವುದು?"

ಒಲೆಯ ಬಳಿ ಇಂದ್ರಾಬಾಯಿಯ ಸೌಟು ನಿಂತಿತು. ಎರಡು ಕಡೆಯಿಂದಲೂ ಬಿಗಿಯುವ ಇಂಥ ಹಗ್ಗವನ್ನು ಭೀಮರಾಯರು, ಪಂಡಿತರು ವಾದಕ್ಕಿಳಿಯುವ ಗುರುಗಳ ವಾಕ್ಯಾರ್ಥಸಭೆಯಲ್ಲಿ ಒಮ್ಮೆ ಕಂಡಿದ್ದರು; ಅದು ತಮ್ಮ ಕೊರಳಿಗೇ ಬೀಳುವುದೆಂದು, ಅದೂ ಮುಂಬಯಿಯಲ್ಲಿ ಬೆಳೆದು ಕನ್ನಡವನ್ನೇ ತಡವರಿಸುತ್ತ ಆಡುವ ಹುಡುಗಿಯ ಕೈಯಿಂದ ಬೀಳುವುದೆಂದು ನೆನೆದಿರಲಿಲ್ಲ. ತಮ್ಮ ಕಣ್ಣು ತೇವಗೊಂಡದ್ದನ್ನು ಅಗರಬತ್ತಿಯ ಹೊಗೆಯ ಮೇಲೆ ಹಾಕಿದರು.

"ಪುಸ್ತಕ ತಗೀ," ಎಂದರು. "ಸೋತೆ."

ಅಂದು ಬೆಳಿಗ್ಗೆ ಏಳರಿಂದ ದೀಪ ಹಚ್ಚುವ ಹೊತ್ತಿನವರೆಗೆ ಪಾಠ ನಡೆಯಿತು. ವಿನೋದಿನಿ ಹೇಳಿದಳು, ಭೀಮರಾಯರು ತಪ್ಪಿದರು, ವಿನೋದಿನಿ ತಿದ್ದಿದಳು. ಮಧ್ಯಾಹ್ನದ ಹೊತ್ತಿಗೆ ಗುರು ಯಾರು ಶಿಷ್ಯ ಯಾರು ಎಂಬುದು ಸಂದಿಗ್ಧವಾಯಿತು. ಇಂದ್ರಾಬಾಯಿ ಎರಡು ಸಲ ಚಹಾ ತಂದಿಟ್ಟರು, ಒಮ್ಮೆಯೂ ಸೊಲ್ಲಾಪುರದ ಮಾತೆತ್ತಲಿಲ್ಲ.

ಮೇ ತಿಂಗಳ ಮೊದಲಿಗೆ ಫಲಿತಾಂಶ ಬಂದಿತು. ವಿನೋದಿನಿ ಫ್ರೆಂಚಿನಲ್ಲಿ ನಲವತ್ತಾರು ಅಂಕಗಳೊಡನೆ ತೇರ್ಗಡೆಯಾಗಿದ್ದಳು. ಸೊಲ್ಲಾಪುರಕ್ಕೆ ಉತ್ತರ ಬರೆಯುವ ಕೆಲಸ ಭೀಮರಾಯರ ಪಾಲಿಗೆ ಬಂದಿತು. ಕ್ಷೇಮಸಮಾಚಾರಗಳ ನಂತರ ಅವರು ತಮ್ಮ ದುಂಡು ಅಕ್ಷರಗಳಲ್ಲಿ ಬರೆದರು: ಚಿರಂಜೀವಿ ಸೌಭಾಗ್ಯಕಾಂಕ್ಷಿಣಿ ಕನ್ಯೆಯು ಈಚೆಗೆ ಶಾಸ್ತ್ರವಾದದಲ್ಲಿ ಸ್ವಂತ ತಂದೆಯನ್ನೇ ಜಯಿಸಿರುವುದರಿಂದ, ಅವಳನ್ನು ಜಯಿಸಬಲ್ಲ ವರನು ದೊರೆಯುವವರೆಗೆ ಕಾಲೇಜಿನಲ್ಲಿಯೇ ಇರಿಸುವುದೆಂದು ನಿಶ್ಚಯಿಸಿದ್ದೇವೆ, ಕ್ಷಮೆಯಿರಲಿ.

ಇಂದ್ರಾಬಾಯಿ ಓದಿಸಿ ಕೇಳಿ ಹಣೆ ಚಚ್ಚಿಕೊಂಡರು. "ಹಿಂಗ ಬರದ್ರ ಇನ್ನ ಈ ಹುಡುಗೀನ ಕೇಳಾಕ ಯಾರ ಬರ್ತಾರ್ರೀ?"

"ಖರೇ ಇದ್ದದ್ದ ಬರದೇನಿ," ಎಂದು ಭೀಮರಾಯರು ಲಕೋಟೆಯ ಅಂಚಿಗೆ ಅಂಟು ಸವರಿದರು. "ಸೋತದ್ದನ್ನ ಮುಚ್ಚಿಡಬಾರದು."

ಮರುದಿನ ಸ್ಟೇಷನ್ನಿನ ಅಂಚೆಪೆಟ್ಟಿಗೆಗೆ ಅದನ್ನು ಹಾಕುವ ಮುನ್ನ, ಪ್ಲಾಟ್‌ಫಾರ್ಮಿನ ಮೇಲಿದ್ದ ಪರಿಚಿತರಿಬ್ಬರಿಗೆ ಅವರು ಪತ್ರದ ಒಕ್ಕಣೆಯನ್ನು ಸವಿಸ್ತಾರವಾಗಿ ಹೇಳಿದರು. ಅದರಿಂದಾಗಿ ಎಂಟೂವರೆಯ ಲೋಕಲ್ ತಪ್ಪಿತು.